ಎರಡು ತೂತಿನ ಆಪರೇಷನ್

ಮೊದಲ ಸಲ ಮನುಷ್ಯರ ತಲೆಬುರುಡೆಗೆ ತೂತು ಹಾಕುವಾಗ ನನಗೆ ನೆನಪಾದದ್ದು ನಮ್ಮೂರಿನ ಬಡಗಿಯ ಅಂಗಡಿ. ನನ್ನ ಕೈಯಲ್ಲಿದ್ದದ್ದರ ಹೆಸರು ಹಡ್ಸನ್ ಬ್ರೇಸ್. ಹೆಸರು ಏನೇ ಇರಲಿ, ಅದು ಕೈಬೈರಿಗೆಯೇ. ಎಡಗೈಯಿಂದ ಮೇಲಿನ ಗುಂಡನ್ನು ಒತ್ತಿ ಹಿಡಿಯಬೇಕು, ಬಲಗೈಯಿಂದ ಹಿಡಿಯನ್ನು ತಿರುಗಿಸಬೇಕು. ಮೂಳೆಯ ಪುಡಿ ಒದ್ದೆ ಹಿಟ್ಟಿನ ಹಾಗೆ ಸುತ್ತಲೂ ಏರುತ್ತದೆ. ಪಕ್ಕದಲ್ಲಿ ನಿಂತವರು ಸಲೈನ್ ಬಿಡುತ್ತಿರುತ್ತಾರೆ. ಬುರುಡೆಯ ಒಳಪದರ ತೆಳುವಾದ ಕೂಡಲೇ ಬೈರಿಗೆ ಸ್ವಲ್ಪ ಕಚ್ಚಿಕೊಂಡ ಹಾಗೆ ಆಗುತ್ತದೆ. ಅಲ್ಲಿ ಕೈ ನಿಲ್ಲಬೇಕು. ಇದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಆದರೂ ಅವತ್ತು ನಾನು ಅರ್ಧ ಸುತ್ತು ಮೊದಲೇ ನಿಲ್ಲಿಸಿ ನಿಲ್ಲಿಸಿ, ಒಂದು ತೂತಿಗೆ ಕಾಲು ಗಂಟೆ ತೆಗೆದುಕೊಂಡೆ.

ಮೇಜಿನ ಮೇಲಿದ್ದ ತಾತ ಮಂಡ್ಯದ ಕಡೆಯವರು. ಹೃದಯ ಅಷ್ಟು ಸರಿ ಇರಲಿಲ್ಲ, ಅದಕ್ಕೇ ಪೂರ್ತಿ ಅರಿವಳಿಕೆ ಕೊಡದೆ ಚರ್ಮ ಮಾತ್ರ ಮರಗಟ್ಟಿಸಿದ್ದೆವು. ಹಸಿರು ಬಟ್ಟೆಯ ಕೆಳಗಿನಿಂದ ಅವರ ದನಿ ಬಂತು. "ಯಾರ್ಲಾ ಅದು, ಇಷ್ಟೊತ್ನಲ್ಲಿ ಬಾಗ್ಲು ಕೊರೀತಿರೋನು?"

ನನ್ನ ಸೀನಿಯರ್ ನಕ್ಕುಬಿಟ್ಟರು. ನನಗೆ ನಗಲು ಧೈರ್ಯ ಇರಲಿಲ್ಲ.

ಮೂಳೆ ಆದಮೇಲೆ ಡ್ಯೂರಾ, ಅಂದರೆ ಮೆದುಳಿನ ಮೇಲಿನ ಗಟ್ಟಿ ಪೊರೆ. ಅದಕ್ಕೆ ಅಡ್ಡ ಉದ್ದ ಸಣ್ಣ ಕೊಯ್ತ ಕೊಟ್ಟ ಕೂಡಲೇ ಒಳಗಿದ್ದದ್ದು ಹೊರಗೆ ಬಂತು. ಕೆಂಪು ರಕ್ತ ಅಲ್ಲ, ಗ್ಯಾರೇಜಿನಲ್ಲಿ ಬೈಕಿನಿಂದ ಇಳಿಸುವ ಹಳೇ ಇಂಜಿನ್ ಆಯಿಲ್ ಥರದ್ದು. ವಾರಗಟ್ಟಲೆ ಅಲ್ಲೇ ಕೂತು ಕರಗಿದ ರಕ್ತ ಅದು. ಉಗುರುಬೆಚ್ಚಗಿನ ಸಲೈನ್‌ನಿಂದ ತಿಳಿಯಾಗುವ ತನಕ ತೊಳೆದೆವು. ಎರಡನೇ ತೂತು, ಉಳಿದದ್ದು ಇಳಿದುಹೋಗಲು ಒಂದು ಡ್ರೇನ್ ನಳಿಕೆ, ಹೊಲಿಗೆ. ಮರುದಿನ ಬೆಳಗ್ಗೆ ರೌಂಡ್ಸ್‌ಗೆ ಹೋದರೆ ತಾತ ಸೊಸೆಯ ಹತ್ತಿರ ಕಾಫಿಗೆ ಸಕ್ಕರೆ ಸಾಲದು ಅಂತ ಜಗಳ ಆಡುತ್ತಿದ್ದರು. ಎರಡು ದಿನದ ಹಿಂದೆ ಇದೇ ಮನುಷ್ಯನಿಗೆ ಆ ಸೊಸೆಯ ಹೆಸರು ಗೊತ್ತಿರಲಿಲ್ಲ.

ನಾನು ಬ್ಯಾಡಗಿಯವಳು. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಇಡೀ ಊರು ಸೀನುತ್ತದೆ. ಅಪ್ಪ ಟೇಲರ್. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆಮೇಲೆ ಜನರಲ್ ಸರ್ಜರಿಯಲ್ಲಿ ಎಂಎಸ್ 3 ವರ್ಷ, ಅದಾದಮೇಲೆ ನೀಟ್ ಎಸ್‌ಎಸ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ನ್ಯೂರೋಸರ್ಜರಿಯ, ಅಂದರೆ ಮೆದುಳು ನರಗಳ ಆಪರೇಷನ್ನಿನ, ಎಂಸಿಹೆಚ್ ಪದವಿ ಮತ್ತೆ 3 ವರ್ಷ. ಕೆಲವು ಕಡೆ ಎಂಬಿಬಿಎಸ್ ಆದಮೇಲೆ ನೇರವಾಗಿ 6 ವರ್ಷದ ಕೋರ್ಸೂ ಇದೆ. ನಾನು ಬಂದದ್ದು ಸುತ್ತಿನ ದಾರಿಯಲ್ಲಿ. ಪ್ರತಿ ಪರೀಕ್ಷೆ ಮುಗಿದಾಗಲೂ ಅಪ್ಪನದು ಒಂದೇ ಪ್ರಶ್ನೆ. "ಏನವ್ವಾ, ಈಗರೆ ಸಾಲಿ ಮುಗೀತೇನು?"

ಸಂಬಂಧಿಕರಿಗೆ ನಾನು "ನರದ ಡಾಕ್ಟರ್." ಮದುವೆ ಮನೆಗೆ ಹೋದರೆ ಕೈ ಜೋಮು ಹಿಡಿಯುವವರು, ಸೊಂಟ ನೋವಿನವರು, ನಿದ್ದೆ ಬಾರದವರು, ಎಲ್ಲರೂ ಊಟದ ಪಂಕ್ತಿಯಲ್ಲೇ ತೋರಿಸಿಕೊಳ್ಳುತ್ತಾರೆ. "ಹೆಣ್ಮಗಳು ತಲಿ ಕೊಯ್ತಾಳಂತ" ಅಂತ ಆಶ್ಚರ್ಯ ಪಡುವವರೂ ಇದ್ದಾರೆ. ಮದ್ರಾಸಿನ ಡಾ. ಟಿ. ಎಸ್. ಕನಕ ಅವರು ನ್ಯೂರೋಸರ್ಜರಿಯ ಎಂಸಿಹೆಚ್ ಮುಗಿಸಿದ್ದು 1968ರಲ್ಲಿ. ನಮ್ಮ ದೇಶದ ಮೊದಲ ಮಹಿಳಾ ನ್ಯೂರೋಸರ್ಜನ್ ಅವರು. ಅಷ್ಟು ವರ್ಷ ಆದಮೇಲೂ ಈ ಆಶ್ಚರ್ಯ ಮುಗಿದಿಲ್ಲ ಅನ್ನುವುದೇ ನನಗೆ ಆಶ್ಚರ್ಯ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲ ವರ್ಷ ಆಪರೇಷನ್‌ಗಿಂತ ಜಾಸ್ತಿ ಮಾಡಿದ್ದು ಓಡಾಟ. ಸಿಟಿ ಸ್ಕ್ಯಾನ್ ಕೋಣೆಗೆ ಓಡು, ಬ್ಲಡ್ ಬ್ಯಾಂಕಿಗೆ ಓಡು, ಐಸಿಯುಗೆ ಓಡು. ಗಂಟೆಗೊಮ್ಮೆ ಜಿಸಿಎಸ್ ಬರೆ. ಜಿಸಿಎಸ್ ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್. ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು 1974ರಲ್ಲಿ ಪ್ರಕಟಿಸಿದ, ರೋಗಿಗೆ ಎಷ್ಟು ಎಚ್ಚರ ಇದೆ ಅನ್ನುವುದರ ಅಳತೆ. ಹೆಚ್ಚೆಂದರೆ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6. ಪೂರ್ತಿ ಎಚ್ಚರ ಇದ್ದರೆ 15, ಏನೂ ಇಲ್ಲದಿದ್ದರೂ ಒಂದೊಂದಕ್ಕೆ 1ರಂತೆ 3. ಸೊನ್ನೆ ಬರುವುದೇ ಇಲ್ಲ.

ಈ ಮಾತಿನ ಅಂಕದಲ್ಲಿ ನಾನೊಮ್ಮೆ ಎಡವಿದೆ. ತಾಂಡಾದಿಂದ ಬಂದ ಒಬ್ಬ ಅಜ್ಜಿ. ನಾನು ಏನು ಕೇಳಿದರೂ ಗೊಣಗುತ್ತಿದ್ದರು. "ಅರ್ಥವಾಗದ ಸದ್ದು" ಎಂದು 2 ಅಂಕ ಬರೆದೆ. ನೆಲ ಒರೆಸುತ್ತಿದ್ದ ಆಯಮ್ಮ ತಲೆ ಎತ್ತಿ ಹೇಳಿದರು. "ಮೇಡಂ, ಅವ್ರು ಲಂಬಾಣಿ ಮಾತಾಡ್ತಾವ್ರೆ. ಮೊಮ್ಮಗ ಉಂಡ್ನಾ ಅಂತ ಕೇಳ್ತಾವ್ರೆ." ಅಜ್ಜಿಗೆ 5ಕ್ಕೆ 5. ಅರ್ಥ ಆಗದಿದ್ದದ್ದು ನನಗೆ. ಆಮೇಲಿಂದ ಮನೆಯಲ್ಲಿ ಯಾವ ಮಾತು ಆಡುತ್ತಾರೆ ಅಂತ ಮೊದಲು ಕೇಳಿ, ಕೇಸ್ ಶೀಟಿನ ಮೇಲೇ ಬರೆಯುತ್ತೇನೆ. ತುಳು, ಉರ್ದು, ತೆಲುಗು, ಲಂಬಾಣಿ. ಬೆಂಗಳೂರಿನ ವಾರ್ಡಿನಲ್ಲಿ ಇದು ರಕ್ತದ ಗುಂಪಿನಷ್ಟೇ ಮುಖ್ಯ.

ರಾತ್ರಿ ಪಾಳಿ ಬಹುಪಾಲು ಬೈಕ್ ಅಪಘಾತಗಳದ್ದು. ಹೆಲ್ಮೆಟ್ ಇರುತ್ತದೆ, ತಲೆಯ ಮೇಲಲ್ಲ, ಮೊಣಕೈಯಲ್ಲಿ. ಕಿವಿಯ ಮುಂಭಾಗದಲ್ಲಿ, ಸ್ವಲ್ಪ ಮೇಲೆ, ಬುರುಡೆ ತೆಳು. ಅದರ ಒಳಗೇ ಒಂದು ರಕ್ತನಾಳ ಹಾದು ಹೋಗುತ್ತದೆ. ಅದು ಹರಿದರೆ ಮೂಳೆಗೂ ಡ್ಯೂರಾಗೂ ನಡುವೆ ರಕ್ತ ತುಂಬುತ್ತದೆ. ಹುಡುಗ ಆಸ್ಪತ್ರೆಗೆ ಮಾತಾಡುತ್ತಲೇ ಬರುತ್ತಾನೆ, "ನಂಗೇನೂ ಆಗಿಲ್ಲ, ಮನೆಗೆ ಕಳಿಸಿ" ಅನ್ನುತ್ತಾನೆ, ಒಂದೆರಡು ಗಂಟೆಯಲ್ಲಿ ಮಂಕಾಗುತ್ತಾನೆ. ಆಗ ಅಪ್ಪ ಅಮ್ಮ ಬರಲಿ ಅಂತ ಕಾಯುವ ಹಾಗಿಲ್ಲ. ಇಂಥ ಕೇಸುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಇಲ್ಲಿಗೇ ಬಿಡುತ್ತೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ತೂತಿನ ಆಪರೇಷನ್. ಕಾಯಿಲೆಯ ಹೆಸರು ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ, ಅಂದರೆ ಡ್ಯೂರಾದ ಕೆಳಗೆ ನಿಧಾನವಾಗಿ ಕೂಡಿಕೊಳ್ಳುವ ರಕ್ತ. ವಯಸ್ಸಾದ ಹಾಗೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಬುರುಡೆ ಮಾತ್ರ ಅಷ್ಟೇ ಇರುತ್ತದೆ. ನಡುವಿನ ಸಣ್ಣ ಅಭಿಧಮನಿಗಳು ಎಳೆದು ಕಟ್ಟಿದ ದಾರದ ಹಾಗೆ ಬಿಗಿಯಾಗುತ್ತವೆ. ಒಂದು ಸಣ್ಣ ಪೆಟ್ಟು ಸಾಕು, ಒಂದೆಳೆ ಹರಿಯುತ್ತದೆ. ಅವತ್ತು ಏನೂ ಗೊತ್ತಾಗುವುದಿಲ್ಲ. ಆ ರಕ್ತದ ಸುತ್ತ ನಿಧಾನವಾಗಿ ಒಂದು ಪೊರೆ ಬೆಳೆಯುತ್ತದೆ. ಪೊರೆಯಲ್ಲಿ ಹೊಸ ಹೊಸ ನಾಜೂಕು ನಾಳಗಳು ಹುಟ್ಟುತ್ತವೆ, ಅವೂ ಜಿನುಗುತ್ತವೆ. ಮೂರು ವಾರಕ್ಕೋ ಆರು ವಾರಕ್ಕೋ ಅಜ್ಜ ನಡೆಯುವಾಗ ವಾಲುತ್ತಾರೆ. ಉಂಡದ್ದು ಮರೆಯುತ್ತಾರೆ. ಬಟ್ಟೆಯಲ್ಲೇ ಮೂತ್ರ ಆಗುತ್ತದೆ. ಮನೆಯವರು ಏನನ್ನುತ್ತಾರೆ? ಅರವತ್ತಕ್ಕೆ ಅರಳು ಮರಳು, ಇವರಿಗಂತೂ ಎಪ್ಪತ್ತೈದು.

ನನಗೆ ಸಿಟ್ಟು ಬರುವುದು ಆ ಗಾದೆಯ ಮೇಲೆ. ಎಷ್ಟೋ ಮನೆಗಳಲ್ಲಿ ಒಂದು ಸಿಟಿ ಸ್ಕ್ಯಾನ್ ಮಾಡಿಸಬೇಕಾದ ಜಾಗದಲ್ಲಿ ಆ ಗಾದೆ ಕೂತಿರುತ್ತದೆ. ಎಲ್ಲ ಮರೆವೂ ಹೀಗೆ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅಲ್‌ಝೈಮರ್ಸ್‌ಗೆ ನನ್ನ ಬೈರಿಗೆಯಿಂದ ಏನೂ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ಮೆಲ್ಲಗೆ ಬಂದ ಮರೆವು ಬೇರೆ, ದೀಪಾವಳಿಗೆ ಚೆನ್ನಾಗಿದ್ದವರು ಸಂಕ್ರಾಂತಿ ಹೊತ್ತಿಗೆ ದಾರಿ ತಪ್ಪುವುದು ಬೇರೆ, ಅಲ್ವಾ?

ನಮ್ಮ ವಿಭಾಗದಲ್ಲಿ ಇದಕ್ಕೆ ಅಂಥ ಮರ್ಯಾದೆ ಇಲ್ಲ. "ಹೊಸಬರ ಕೇಸ್" ಅನ್ನುತ್ತಾರೆ. ದೊಡ್ಡವರು ಗೆಡ್ಡೆ ತೆಗೆಯುತ್ತಾರೆ, ಅನ್ಯೂರಿಸಂಗೆ, ಅಂದರೆ ಗುಳ್ಳೆಯ ಹಾಗೆ ಉಬ್ಬಿದ ರಕ್ತನಾಳಕ್ಕೆ, ಕ್ಲಿಪ್ ಹಾಕುತ್ತಾರೆ. ಇದನ್ನು ಪಟ್ಟಿಯ ಕೊನೆಗೆ, ಸಂಜೆಗೆ ತಳ್ಳುತ್ತಾರೆ. ಉಪವಾಸ ಕೂತ ತಾತ ಕಾಯುತ್ತಲೇ ಇರುತ್ತಾರೆ. ಥೀಸಿಸ್‌ಗೆ ಇದೇ ವಿಷಯ ಬೇಕು ಅಂದಾಗ ನಮ್ಮ ಸರ್ ಕನ್ನಡಕದ ಮೇಲಿಂದ ನೋಡಿದರು. "ನಿಮಗೆ ಬೇರೆ ಏನೂ ಸಿಗಲಿಲ್ವಾ ಅಮ್ಮ?"

ನಿಜ ಹೇಳಬೇಕೆಂದರೆ, ಆ ವಿಷಯ ಹಿಡಿಯುವುದಕ್ಕೆ ಕಾರಣ ನನ್ನದೇ ಒಂದು ತಪ್ಪು. ಮೊದಲ ವರ್ಷ ಒಬ್ಬ ಅಜ್ಜನನ್ನು ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿ ಬರೆದವಳು ನಾನು. ಅವತ್ತು ಮೂವತ್ತು ಗಂಟೆ ನಿದ್ದೆ ಇರಲಿಲ್ಲ, ಆದರೆ ಅದೊಂದು ನೆಪ. "ಹಳೆಯ ಔಷಧಿಗಳನ್ನು ಮುಂದುವರಿಸಿ" ಅಂತ ಒಂದು ಸಾಲು ಬರೆದೆ. ಹಳೆಯ ಔಷಧಿಗಳಲ್ಲಿ ಹೃದಯಕ್ಕೆಂದು ಕೊಟ್ಟಿದ್ದ ಎರಡು ರಕ್ತ ತೆಳು ಮಾಡುವ ಗುಳಿಗೆ ಇದ್ದವು. ಮಗ ಶ್ರದ್ಧೆಯಿಂದ ಮರುದಿನವೇ ಶುರು ಮಾಡಿದ. ಮೂರು ವಾರಕ್ಕೆ ಅಜ್ಜ ಎತ್ತಿಕೊಂಡು ಬರುವ ಸ್ಥಿತಿಯಲ್ಲಿ ವಾಪಸ್ ಬಂದರು. ಗುಳಿಗೆಯಿಂದಲೇ ಹಾಗಾಯಿತು ಅಂತ ಖಚಿತವಾಗಿ ಹೇಳಲಾಗದು, ಏನೂ ತಪ್ಪು ಮಾಡದಿದ್ದರೂ ಕೆಲವರಿಗೆ ಮತ್ತೆ ತುಂಬುತ್ತದೆ. ಸರ್ ಕೂಡ ಹಾಗೇ ಹೇಳಿದರು. ಆದರೆ ಮಗ ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದ. ನನ್ನ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ. ಎರಡನೇ ಸಲ ತೊಳೆದೆವು. ಅಜ್ಜ ಬದುಕಿದರು. ಮೊದಲಿನ ಹಾಗೆ ನಡೆಯಲಿಲ್ಲ. ಮಗನಿಗೆ ನಾನೇ ಕೂರಿಸಿ ಹೇಳಿದೆ, ಸಾಲು ಬರೆದದ್ದು ನಾನು ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಈಗ ಯಾವ ಗುಳಿಗೆ ಕೊಡ್ಬೇಕು ಹೇಳಿ ಮೇಡಂ" ಅಂದ. ಬೈದಿದ್ದರೆ ಸುಲಭ ಆಗುತ್ತಿತ್ತು.

ಹಾಗಾಗಿ ಓದಲು ಕೂತೆ. 1857ರಲ್ಲಿ ಜರ್ಮನಿಯ ವೈದ್ಯ ವಿರ್ಕೋ ಇದನ್ನು ಪೊರೆಯ ಉರಿಯೂತ ಅಂದಿದ್ದ. 1914ರಲ್ಲಿ ಇಂಗ್ಲೆಂಡಿನ ಸರ್ಜನ್ ಟ್ರಾಟರ್, ಇಲ್ಲ, ಇದು ಪೆಟ್ಟಿನಿಂದಲೇ ಅಂದ. ಈಗ ನೋಡಿದರೆ ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಹುರುಳಿದೆ. ಶುರುವಾಗುವುದು ಪೆಟ್ಟಿನಿಂದ, ಬೆಳೆಯುವುದು ಪೊರೆಯ ಉರಿಯೂತದಿಂದ. ತೊಳೆದ ಮೇಲೆ ಡ್ರೇನ್ ಇಡಬೇಕೋ ಬೇಡವೋ ಎನ್ನುವುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 2009ರಲ್ಲಿ, ಕೇಂಬ್ರಿಡ್ಜ್‌ನಲ್ಲಿ 215 ರೋಗಿಗಳ ಮೇಲೆ ನಡೆದ ಅಧ್ಯಯನದಿಂದ. ಡ್ರೇನ್ ಇಡದವರಲ್ಲಿ 100ಕ್ಕೆ 24 ಮಂದಿಗೆ ಮತ್ತೆ ತುಂಬಿತು, ಇಟ್ಟವರಲ್ಲಿ ಸುಮಾರು 9 ಮಂದಿಗೆ. ಒಂದು ರಬ್ಬರ್ ನಳಿಕೆ, ಎರಡು ದಿನ. ಇಷ್ಟು ಅಗ್ಗದ ವಸ್ತು ಇಷ್ಟು ಕೆಲಸ ಮಾಡಿದ್ದು ನಮ್ಮ ವಿಷಯದಲ್ಲಿ ಅಪರೂಪ. ಹಾಗಾದರೆ ಉರಿಯೂತಕ್ಕೆ ಸ್ಟೀರಾಯ್ಡ್ ಕೊಟ್ಟರೆ? ಬ್ರಿಟನ್ನಿನಲ್ಲಿ ಅದನ್ನೂ ನೋಡಿದರು, 2020ರಲ್ಲಿ ಉತ್ತರ ಬಂತು. ಮರು ಆಪರೇಷನ್ ಕಡಿಮೆಯಾಯಿತು, ಆದರೆ ಒಟ್ಟಾರೆ ಜನ ಚೇತರಿಸಿಕೊಂಡದ್ದೂ ಕಡಿಮೆಯೇ. ಈಗ ಪೊರೆಗೆ ರಕ್ತ ಒಯ್ಯುವ ನಾಳವನ್ನೇ ಒಳಗಿನಿಂದ ಮುಚ್ಚುವ ವಿಧಾನ ಬಂದಿದೆ. 2024ರಲ್ಲಿ ದೊಡ್ಡ ಅಧ್ಯಯನಗಳು ಪ್ರಕಟವಾದವು, ಭರವಸೆ ಇದೆ. ಖರ್ಚೂ ಇದೆ.

ನನ್ನ ಪ್ರಶ್ನೆ ಇಷ್ಟು ದೊಡ್ಡದಲ್ಲ. ನಮ್ಮಿಂದ ಮನೆಗೆ ಹೋದ ಅಜ್ಜ ಅಜ್ಜಿಯರು ಮೂರು ತಿಂಗಳಿಗೆ ಹೇಗಿದ್ದಾರೆ? ಅಷ್ಟೇ. ಉತ್ತರ ಹುಡುಕುವ ಸಾಧನವೂ ದೊಡ್ಡದಲ್ಲ, ಫೋನು. ಮಗನ ನಂಬರ್‌ಗೆ ಮಾಡಿದರೆ "ಚೆನ್ನಾಗಿದ್ದಾರೆ ಮೇಡಂ" ಅಂತ ಮುಗಿಸುತ್ತಾನೆ. ಸೊಸೆಗೆ ಕೊಡಿ ಅಂದರೆ ನಿಜ ಹೊರಗೆ ಬರುತ್ತದೆ. ಬಚ್ಚಲಿಗೆ ತಾವೇ ಹೋಗುತ್ತಾರಾ, ರಾತ್ರಿ ಎದ್ದು ಓಡಾಡುತ್ತಾರಾ, ದುಡ್ಡು ಎಣಿಸಲು ಬರುತ್ತದಾ, ಎಲ್ಲ ಅವಳಿಗೆ ಗೊತ್ತು. ಬಿದ್ದಿದ್ದರಾ ಅಂತ ಆಸ್ಪತ್ರೆಯಲ್ಲಿ ಕೇಳಿದರೆ "ಇಲ್ಲವೇ ಇಲ್ಲ" ಅಂದವರು ಫೋನಿನಲ್ಲಿ ನೆನಪಿಸಿಕೊಳ್ಳುತ್ತಾರೆ. ದನದ ಕೊಟ್ಟಿಗೆಯಲ್ಲಿ ಜಾರಿದ್ದು. ಬಸ್ಸು ಬ್ರೇಕ್ ಹಾಕಿದಾಗ ಮುಂದಿನ ಸೀಟಿಗೆ ಹಣೆ ತಾಗಿದ್ದು. ನಾನು ಎಣಿಸಿರದ ಒಂದು ಉತ್ತರ ಮತ್ತೆ ಮತ್ತೆ ಬಂತು. ಹಳೇ ಮನೆಯ ಗಿಡ್ಡ ಬಾಗಿಲು. ತಲೆ ಬಗ್ಗಿಸಿ ದಾಟಬೇಕಾದ ಬಾಗಿಲನ್ನು ಎಪ್ಪತ್ತು ವರ್ಷ ಬಗ್ಗಿ ದಾಟಿದವರು, ಒಂದು ದಿನ ಬೆನ್ನು ಬಗ್ಗದೆ ಹೊಡೆಸಿಕೊಂಡಿರುತ್ತಾರೆ. ಅದನ್ನು ಪೆಟ್ಟು ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಪ್ರಶ್ನಾವಳಿಯಲ್ಲಿ ಈಗ "ಬಾಗಿಲು" ಅಂತ ಒಂದು ಸಾಲು ಸೇರಿದೆ. ಸರ್ ಮೊದಲು ಅದನ್ನು ಹೊಡೆದು ಹಾಕಿದ್ದರು, ಆಮೇಲೆ ತಾವೇ ಟಿಕ್ ಹಾಕಿ ವಾಪಸ್ ಕೊಟ್ಟರು.

ಇನ್ನೊಂದು ಕೆಲಸ ಶುರು ಮಾಡಿದೆ. ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ ಅರ್ಧ ಹಾಳೆ. ಯಾವ ಗುಳಿಗೆ ಬೇಡ, ಎಲ್ಲಿಯ ತನಕ ಬೇಡ, ಮತ್ತೆ ಮಂಕಾದರೆ ಯಾವ ನಂಬರ್‌ಗೆ ಮಾಡಬೇಕು. ದೊಡ್ಡ ಅಕ್ಷರದಲ್ಲಿ. ಈಗ ಜೂನಿಯರ್‌ಗಳು ಅದನ್ನು ಜೆರಾಕ್ಸ್ ಮಾಡಿ ಇಟ್ಟುಕೊಂಡಿದ್ದಾರೆ. ಗುಳಿಗೆಯ ಹೆಸರು ಮಾತ್ರ ಕೈಯಲ್ಲೇ ಬರೆಯಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಬರೆಯುವಾಗಲಾದರೂ ಒಂದು ಕ್ಷಣ ಯೋಚಿಸುತ್ತಾರೆ.

ಆಸ್ಪತ್ರೆಯ ಹೊರಗೆ ಏನು ಮಾಡುತ್ತೀರಿ ಅಂತ ಜನ ಕೇಳುತ್ತಾರೆ. ಮೊದಲ ಎರಡು ವರ್ಷ ನಿದ್ದೆ ಮಾಡಿದೆ, ಅಷ್ಟೇ. ಈಗ ಸ್ವಲ್ಪ ಹೊಲಿಯುತ್ತೇನೆ. ಊರಿನಿಂದ ಅಪ್ಪನ ಹಳೇ ಮಷೀನ್ ತಂದು ವಿಲ್ಸನ್ ಗಾರ್ಡನ್‌ನ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ಗುಳೇದಗುಡ್ಡದ ಖಣದಲ್ಲಿ ಥಿಯೇಟರ್ ಟೋಪಿ ಹೊಲಿಯುವುದು ಹುಚ್ಚು. ರವಿಕೆಯ ಬಟ್ಟೆ ಸರ್ಜನ್ನನ ತಲೆಗೇರಿದ್ದು ನೋಡಿ ಅವ್ವ ಹೌಹಾರಿದಳು. ಅರಿವಳಿಕೆ ಡಾಕ್ಟರ್ ಮಾತ್ರ ಎರಡು ಕೇಳಿ ಪಡೆದಿದ್ದಾರೆ. ಚಿಕ್ಕವಳಿದ್ದಾಗ ಅಪ್ಪ ಹೇಳುತ್ತಿದ್ದ ಒಂದೇ ಮಾತು ಈಗಲೂ ಕಿವಿಯಲ್ಲಿದೆ. "ಬಟ್ಟಿ ಎಳೀಬ್ಯಾಡ. ಮಷೀನ್ ತಾನೇ ಒಯ್ತೈತಿ." ಮೆದುಳಿನ ಮೇಲಿನ ಪೊರೆ ಬಿಡಿಸುವಾಗ ನಮ್ಮ ಸರ್ ಇಂಗ್ಲಿಷಿನಲ್ಲಿ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ, ಸಿಟ್ಟು ಜಾಸ್ತಿ ಅಷ್ಟೇ.

ಇನ್ನೊಂದು ಹೊಲಿಗೆಯ ಕಥೆ ಇದೆ. ಮೈಕ್ರೋಸ್ಕೋಪ್ ಕೆಳಗೆ ರಕ್ತನಾಳ ಜೋಡಿಸುವುದನ್ನು ಕಲಿಯಲು ಕೋಳಿಯ ರೆಕ್ಕೆ ಬಳಸುತ್ತಾರೆ. ರೆಕ್ಕೆಯೊಳಗಿನ ನಾಳ ಸುಮಾರು ಒಂದು ಮಿಲಿಮೀಟರ್. ಹೊಲಿಯುವ ದಾರ 10-0, ಕೂದಲಿಗಿಂತ ತೆಳು, ಉಸಿರು ಬಿಟ್ಟರೆ ಹಾರುತ್ತದೆ. ನಮ್ಮದು ಮೊಟ್ಟೆಯನ್ನೂ ತರದ ಮನೆ. ಮೊದಲ ಸಲ ಕೋಳಿ ಅಂಗಡಿಯ ಮುಂದೆ ನಿಂತು "ಅರ್ಧ ಕೆಜಿ, ರೆಕ್ಕೆ ಮಾತ್ರ" ಅಂದಾಗ ಅಂಗಡಿಯಣ್ಣ "ಪಾರ್ಟಿನಾ ಮೇಡಂ?" ಅಂದರು. "ಇಲ್ಲ, ಪರೀಕ್ಷೆ" ಅಂದೆ. ಏನು ಅರ್ಥ ಮಾಡಿಕೊಂಡರೋ, ಎರಡು ಜಾಸ್ತಿ ಹಾಕಿಕೊಟ್ಟರು. ಹೊಲಿದದ್ದನ್ನು ಬಿಸಾಡಿದೆ. ಉಳಿದದ್ದನ್ನು ಕೋಣೆಯ ಗೆಳತಿ ಹುರಿದು ತಿಂದಳು, ಅವಳು ಮಂಗಳೂರಿನವಳು. ಈ ವಿಷಯ ಅವ್ವನಿಗೆ ಇನ್ನೂ ಹೇಳಿಲ್ಲ.

ರಜೆಗೆ ಬಂದ ಅಕ್ಕನ ಮಗಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗೋಣ ಅಂದರೆ ಅವಳು ನಿಮ್ಹಾನ್ಸ್‌ನ ಮೆದುಳಿನ ಮ್ಯೂಸಿಯಂ ನೋಡಬೇಕು ಅಂದಳು. ರಜೆಯ ದಿನವೂ ಮೆದುಳೇ. ಅಲ್ಲಿ ಕೈಗವಸು ಹಾಕಿಕೊಂಡು ನಿಜವಾದ ಮೆದುಳನ್ನು ಮುಟ್ಟಿ ನೋಡಬಹುದು. ಒಂದೂವರೆ ಕೆಜಿಯೂ ತೂಗದ ಅದನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಕೇಳಿದಳು. "ಚಿಗವ್ವಾ, ಇಷ್ಟಕ್ಕ ಇಷ್ಟು ವರ್ಷ ಓದ್ತಿಯೇನು?"

ಕಳೆದ ವಾರ ತಿಪಟೂರಿನ ಕಡೆಯ ಒಬ್ಬ ಅಜ್ಜಿಗೆ ಮೂರು ತಿಂಗಳ ಫೋನ್ ಮಾಡಿದೆ. ಆಪರೇಷನ್ ದಿನ ತಲೆ ಬೋಳಿಸುವಾಗ ತುಂಬಾ ಅತ್ತಿದ್ದರು. ಆಮೇಲೆ ತಾವೇ "ಕೇಳ್ದೋರ್ಗೆ ತಿಮ್ಮಪ್ಪನಿಗೆ ಮುಡಿ ಕೊಟ್ಟೆ ಅಂತೀನಿ ಬಿಡಿ" ಅಂತ ಸಮಾಧಾನ ಮಾಡಿಕೊಂಡಿದ್ದರು. ಈ ಸಲ ಸೊಸೆ ಬೇಕಾಗಲಿಲ್ಲ, ಫೋನ್ ಎತ್ತಿದ್ದು ಅಜ್ಜಿಯೇ. ನಡೆಯುತ್ತೀರಾ, ಹೂಂ. ತಲೆನೋವು, ಇಲ್ಲ. ಗುಳಿಗೆ, ನೀವು ಬರೆದದ್ದೇ. ನಾನು ಒಂದೊಂದಕ್ಕೂ ಗುರುತು ಹಾಕುತ್ತಾ ಹೋದೆ. ಇನ್ನೇನಾದರೂ ತೊಂದರೆ ಇದೆಯಾ ಅಜ್ಜಿ ಅಂತ ಕೊನೆಗೆ ಕೇಳಿದೆ.

"ಒಂದೈತೆ ಕಣವ್ವ. ನೀನು ತೂತು ಹಾಕ್ದಲ್ಲ, ಅಲ್ಲಿ ಎರ್ಡು ಗುಳಿ ಬಿದ್ದವೆ. ತಲೆಗೆ ಎಣ್ಣೆ ಹಚ್ಕಂಡ್ರೆ ಅಲ್ಲೇ ನಿಂತ್ಕತದೆ. ಅದ್ಕೇನಾರ ಔಷ್ದಿ ಐತಾ?"

ಔಷಧಿ ಇಲ್ಲ ಅಜ್ಜಿ ಅಂದೆ. ನನ್ನ ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೆ, "ಎಣ್ಣೆ ನಿಲ್ಲುತ್ತದೆ."